ಒಂಬತ್ತನೇ ದಿನದ ದುಡ್ಡು

"ಭಿಕ್ಷೆ ಬೇಡೋಕೂ ಒಂದು ಹೊತ್ತು ಗೊತ್ತು ಅಂತಿರುತ್ತೆ ಕಣಯ್ಯಾ! ಬೆಳಗಾದ್ರೆ ಬಂದು ಬಾಗಿಲಲ್ಲಿ ನಿಂತ್ಕೋತೀಯಲ್ಲ, ಮಾನ ಮರ್ಯಾದೆ ಏನಾದ್ರೂ ಇದ್ಯಾ ನಿಂಗೆ?"

ಕಂಟ್ರಾಕ್ಟರು ಈ ಆಶೀರ್ವಚನ ನೀಡಿದ್ದು ಸೈಟಿನ ತಗಡಿನ ಆಫೀಸಿನಲ್ಲಿ, ತುಂಬಿದ ಸಭೆಯಲ್ಲಿ. ಎಂಜಿನಿಯರಿದ್ದರು, ಅಕೌಂಟೆಂಟಿದ್ದರು, ಫ್ಲ್ಯಾಟು ನೋಡಲು ಬಂದ ಗಂಡ ಹೆಂಡತಿ ಇದ್ದರು. ನನ್ನ ತಂಡದ ಹಿರಿಯಾಳು ದೊಡ್ಡಣ್ಣನೂ ಪಕ್ಕದಲ್ಲೇ ಇದ್ದ. ಆ ಹೆಂಗಸು ಪಾಪ, ನನ್ನ ಬದಲು ತಾನೇ ತಲೆ ತಗ್ಗಿಸಿದಳು.

ನಾನು ಸೆಂಟ್ರಿಂಗಿನವನು. ತಾರಸಿಗೆ ಮೋಲ್ಡು ಹಾಕುವ ಮುಂಚೆ ಶೀಟು ಹಾಸಿ, ಕೆಳಗೆ ಆಸರೆಗೆ ಜಾಕಿ ಅನ್ನುವ ಕಬ್ಬಿಣದ ಕಂಬ ನಿಲ್ಲಿಸಿ, ಕಾಂಕ್ರೀಟು ಗಟ್ಟಿಯಾಗುವ ತನಕ ಅದರ ಭಾರ ಹೊರುವುದು ನನ್ನ ಕಸುಬು. ಐದು ತಿಂಗಳಿಂದ ಬಿಲ್ಲಿನ ದುಡ್ಡು ಬರದೆ ಕಂಟ್ರಾಕ್ಟರ ಭಾರವನ್ನೂ ನಾನೇ ಹೊತ್ತಿದ್ದೆ. ಮೊದಲ ತಿಂಗಳು ಎಂಜಿನಿಯರ್ ಅಳತೆ ಬರೆಯಲಿಲ್ಲ. ಎರಡನೇ ತಿಂಗಳು ಬರೆದರು, ಅಕೌಂಟೆಂಟರ ಮಗಳಿಗೆ ಜ್ವರ ಬಂತು. ಮಗಳು ಗುಣವಾದಳು, ಓನರಿಂದ ಹಣ ಬಂದಿಲ್ಲ ಎಂದರು. ಓನರಿಂದ ಬಂದ ವಾರ ಕಂಟ್ರಾಕ್ಟರ ಮನೆಗೆ ಹೊಸ ಕಾರು ಬಂತು. ಕಾರಿನ ಕಂಪನಿಯವರು ಕಾಯುವುದಿಲ್ಲವಂತೆ. ನಾವಾದರೆ ಮನೆಯವರಿದ್ದ ಹಾಗೆ, ಕಾಯುತ್ತೇವೆ. ಇಷ್ಟು ಕಾಲ ಮೂಗಿಗೆ ತುಪ್ಪ ಹಚ್ಚಿದ ಈ ಮಹಾನುಭಾವರನ್ನು ಸೈಟಿನಲ್ಲಿ ಎಲ್ಲರೂ ಕರೆಯುವುದು 'ನಾಳೆ ಸಾಹೇಬ್ರು' ಎಂದು.

ಜಾಕಿಗಳು ನನ್ನವಲ್ಲ, ಅಕ್ಕನ ಗಂಡನವು. "ಸಂಬಂಧ ಸಂಬಂಧಾನೇ, ಬಾಡಿಗೆ ಬಾಡಿಗೇನೇ" ಎನ್ನುವ ಭಾವ, ಬಾಡಿಗೆ ನಿಂತ ಮೇಲೆ ಸಂಬಂಧವನ್ನೂ ನಿಲ್ಲಿಸಿದ್ದರು. ಅಕ್ಕ ಈಗ ಫೋನು ಮಾಡಿದರೆ ಪಿಸುಗುಟ್ಟುತ್ತಾಳೆ. ತಂಡದ ಆರು ಜನ ಶನಿವಾರದ ತನಕ ನೋಡುತ್ತೇವೆ ಎಂದಿದ್ದರು. ಕೂಲಿ ಸಿಗದಿದ್ದರೆ ಬೇರೆ ಸೈಟು. ಅವರದೇನೂ ತಪ್ಪಿಲ್ಲ, ಹೊಟ್ಟೆಗೆ ಎಷ್ಟು ದಿನ ಅಂತ ತಣ್ಣೀರು ಬಟ್ಟೆ ಕಟ್ಟಿಕೊಳ್ಳುತ್ತಾರೆ? ಆಮೇಲೆ ಹನ್ನೊಂದು ವರ್ಷ ಮೈ ಮುರಿದು ಕಟ್ಟಿದ ತಂಡ ಹೋಗಿ, ನಾನು ಮತ್ತೆ ಇನ್ನೊಬ್ಬರ ಶೀಟು ಹೊರಬೇಕು.

ಫ್ಲ್ಯಾಟಿನ ಗಂಡ ಎದ್ದು ನಿಂತ. "ಎಲ್ಲಾ ಚೆನ್ನಾಗಿದೆ ಸಾರ್. ಆದ್ರೆ ಮುಂದಿನ ಬಾಲ್ಕನಿ ಕೆಳಗೆ ಅಷ್ಟೊಂದು ಕಂಬ ನಿಲ್ಸಿದೀರಲ್ಲ, ನೋಡೋಕೆ ಒಂಥರಾ."

"ಅಯ್ಯೋ, ಭಾನುವಾರ ಬನ್ನಿ ಸಾರ್, ಒಂದೂ ಇರಲ್ಲ. ಬಾಲ್ಕನೀಲೇ ನಿಂತು ಕಾಫಿ ಕುಡಿಯೋಣ."

ಅವರು ಮೆಟ್ಟಿಲಿಳಿದು ಹೋದ ಕೂಡಲೇ ಕಂಟ್ರಾಕ್ಟರು ಡ್ರಾಯರು ಎಳೆದು ನೋಟಿನ ಕಟ್ಟುಗಳನ್ನು ಮೇಜಿನ ಮೇಲಿಟ್ಟರು.

"ಬಾರಪ್ಪಾ, ಕೂತ್ಕೋ. ಐದು ತಿಂಗಳದ್ದೂ ಇದೆ. ಇವತ್ತೇ, ಈಗ್ಲೇ ತಗೋ."

ನಾಳೆ ಸಾಹೇಬರ ಬಾಯಲ್ಲಿ 'ಇವತ್ತು'! ಭಿಕ್ಷುಕನಿಗೆ ಕುರ್ಚಿ!

"ಭಾನುವಾರ ಫ್ಲ್ಯಾಟು ನೋಡೋಕೆ ಅರವತ್ತು ಜನ ಬರ್ತಿದ್ದಾರೆ. ಬಾಲ್ಕನಿ ಜಾಕಿ ಎಲ್ಲಾ ಸಂಜೆ ಒಳಗೆ ಬಿಚ್ಚಿಬಿಡು."

"ಮೋಲ್ಡು ಹಾಕಿ ಒಂಬತ್ತು ದಿನ ಆಗಿದೆ ಸಾರ್. ಬಾಲ್ಕನಿ ಗೋಡೆಯಿಂದ ಆಚೆ ಚಾಚಿರೋದು, ಕೆಳಗೆ ಬೇರೆ ಆಸರೆ ಇಲ್ಲ. ಇಪ್ಪತ್ತೊಂದು ದಿನ ಬೇಕೇ ಬೇಕು."

"ಏಳನೇ ಕ್ಲಾಸು ಬಿಟ್ಟವನು ನಂಗೆ ಪಾಠ ಹೇಳ್ತೀಯಾ? ಎಂಜಿನಿಯರೇ, ನೀವು ಹೇಳ್ರೀ."

ಎಂಜಿನಿಯರ್ ಫೋನಿನಿಂದ ತಲೆಯೆತ್ತದೆ, "ಸಾಮಾನ್ಯವಾಗಿ ಏನೂ ಆಗಲ್ಲ" ಎಂದರು.

"ಸಾಮಾನ್ಯವಾಗಿ ಅಂದ್ರೆ ಸಾರ್?"

"ಅದೇ... ಸಾಮಾನ್ಯವಾಗಿ."

ಅಷ್ಟರಲ್ಲಿ ಅಕೌಂಟೆಂಟು ಒಂದು ಕಾಗದ ಟೈಪು ಮಾಡಿ ತಂದೇ ಬಿಟ್ಟರು. ಐದು ತಿಂಗಳು ಹೆರಿಗೆಯಾಗದ ಬಿಲ್ಲು ಐದು ನಿಮಿಷದಲ್ಲಿ ಹುಟ್ಟಿತು. ಹಣ ಪೂರ್ತಿ ಸಂದಿದೆ ಎಂಬುದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಜಾಕಿ ಬಿಚ್ಚಿದ್ದು ನನ್ನ ಇಷ್ಟದಿಂದ, ಮುಂದೆ ಏನೇ ಆದರೂ ಹೊಣೆ ನನ್ನದೇ. ನನಗೆ ಇಷ್ಟೊಂದು ದೊಡ್ಡ ಸ್ಥಾನಮಾನ ಯಾರೂ ಕೊಟ್ಟಿರಲಿಲ್ಲ.

ಪೆನ್ನು ಕೈಗೆ ಬಂತು. ದೊಡ್ಡಣ್ಣ ಕಿವಿಯ ಹತ್ತಿರ ಬಗ್ಗಿದ.

"ಶನಿವಾರ ಅಂದ್ರೆ ನಾಳಿದ್ದು ಕಣೋ."

"ನೀನೇ ಹೇಳಣ್ಣ, ಬಿಚ್ಲಾ?"

ದೊಡ್ಡಣ್ಣ ಮೂವತ್ತು ವರ್ಷ ಸೆಂಟ್ರಿಂಗು ಬಿಚ್ಚಿದವನು. ನೋಟಿನ ಕಟ್ಟನ್ನೇ ನೋಡಿದ. "ನಂಗ್ಯಾಕೆ ಕೇಳ್ತೀಯೋ" ಎಂದು ಮುಖ ತಿರುಗಿಸಿದ.

ಸುಳ್ಳು ಹೇಳುವುದಿಲ್ಲ, ಆ ಕಟ್ಟುಗಳನ್ನು ಕಣ್ಣಲ್ಲೇ ಎರಡು ಸಲ ಎಣಿಸಿದೆ. ಭಾವನಿಗಿಷ್ಟು, ಆರು ಜನಕ್ಕಿಷ್ಟು ಎಂದು ಹಂಚಿಯೂ ಮುಗಿಸಿದೆ. ಆಮೇಲೆ ಪೆನ್ನು ಕಾಗದದ ಮೇಲಿಟ್ಟು ಎದ್ದು ಹೊರಗೆ ಬಂದೆ.

ಆ ಗಂಡ ಹೆಂಡತಿ ಇನ್ನೂ ಗೇಟಿನ ಹತ್ತಿರ ನಿಂತು, ತಮ್ಮದಾಗಲಿರುವ ಬಾಲ್ಕನಿಯನ್ನು ತಲೆಯೆತ್ತಿ ನೋಡುತ್ತಿದ್ದರು.

"ಸಾರ್, ಅದು ಗಟ್ಟಿಯಾಗೋಕೆ ಇನ್ನೂ ಹನ್ನೆರಡು ದಿನ ಬೇಕು. ಭಾನುವಾರ ಬಂದಾಗ ಆ ಕಂಬ ಇಲ್ಲದಿದ್ರೆ ಮೇಲೆ ಕಾಲಿಡ್ಬೇಡಿ. ಕೆಳಗೂ ನಿಲ್ಬೇಡಿ. ಬೇರೆಯವರಿಗೂ ಹೇಳಿ."

ಹೆಂಡತಿ ಗಂಡನ ತೋಳು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಆತ ಫೋನು ತೆಗೆದು ಜಾಕಿಗಳ ಫೋಟೋ ಹೊಡೆಯತೊಡಗಿದ.

ಆಫೀಸಿನ ಬಾಗಿಲು ದಡಾರನೆ ತೆರೆದುಕೊಂಡಿತು. ಕಂಟ್ರಾಕ್ಟರು ಚಪ್ಪಲಿಯನ್ನೂ ಮರೆತು ಜಲ್ಲಿಯ ಮೇಲೆ ಕುಂಟುತ್ತಾ ಓಡಿಬಂದರು.

"ಲೋ, ಏನೋ ಹೇಳ್ದೆ ಅವರಿಗೆ? ದುಡ್ಡು ಬೇಡ್ವೇನೋ ನಿಂಗೆ? ಲೋ, ನಿನ್ನೇ ಕೇಳ್ತಿರೋದು, ಏನೋ ಹೇಳ್ದೆ?"

ನಾನು ಗೇಟು ದಾಟಿ ರಸ್ತೆಗಿಳಿದು ನಡೆದೆ.