ನಮ್ಮ ವಂಶದ ಕಬ್ಬಿಣ

ನಕ್ಷತ್ರ ನೋಡಲು ರಾತ್ರಿಯೇ ಆಗಬೇಕೆಂದು ಯಾರು ಹೇಳಿದರು? ನಾನು ವೆಲ್ಡಿಂಗ್ ಮಾಡುವವಳು. ಮಟಮಟ ಮಧ್ಯಾಹ್ನವೇ ತೋರಿಸುತ್ತೇನೆ, ಅದೂ ಪುಕ್ಕಟೆಯಾಗಿ.

ಆ ದಿನ ಡಾಕ್ಟರು ನನ್ನ ಹತ್ತು ವರ್ಷದ ಮಗಳ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷಿಸಿ, ಕಬ್ಬಿಣ ಕಡಿಮೆಯಿದೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಮನೆಗೆ ಬಂದು ಹೇಳಿದ್ದೇ ತಡ, ನಮ್ಮತ್ತೆ, "ನಮ್ಮ ವಂಶದಲ್ಲಿ ಇಂಥದ್ದೆಲ್ಲ ಇಲ್ಲಮ್ಮ," ಎಂದುಬಿಟ್ಟರು. ಮಗಳು ಕೈಗೂಸಾಗಿದ್ದಾಗ ನಾವು ದತ್ತು ತಂದದ್ದು. ಅದು ಅವಳಿಗೂ ಗೊತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯ ಮುಂದಿನ ನನ್ನ ವೆಲ್ಡಿಂಗ್ ಅಂಗಡಿಗೆ ಬಂದು ಕೆಲಸಕ್ಕೆ ಕೂತೆ. ಮಗಳೂ ಹಿಂದೆಯೇ ಬಂದಳು.

"ಅಮ್ಮ, ನಾನು ಈ ಮನೆಯವಳಲ್ವಾ?"

ಹಿಡಿದಿದ್ದ ಗೇಟನ್ನು ಅಲ್ಲೇ ಬಿಟ್ಟೆ. ವೆಲ್ಡಿಂಗ್ ಗಾಜುಗಳಲ್ಲೇ ಅತಿ ಕಪ್ಪಾದದ್ದನ್ನು ಅವಳ ಕಣ್ಣಿಗೆ ಅಡ್ಡ ಹಿಡಿದು ಅಂಗಳಕ್ಕೆ ಕರೆದೊಯ್ದೆ. "ಈಗ ತಲೆ ಎತ್ತು."

"ಅಯ್ಯೋ, ಹಸಿರು ಬಿಲ್ಲೆ!"

"ಸೂರ್ಯ ಕಣೇ. ಅವನೂ ನಕ್ಷತ್ರಾನೇ, ಹತ್ತಿರದವನು ಅಷ್ಟೆ. ಅವನಿಗಿಂತ ಮುಂಚೆ ಇನ್ನೂ ದೊಡ್ಡದೊಡ್ಡವು ಇದ್ವು. ಅವುಗಳ ಹೊಟ್ಟೇಲಿ ಬೆಂದಿದ್ದೇ ಕಬ್ಬಿಣ. ಸಿಡಿದು ಚೆಲ್ಲಾಪಿಲ್ಲಿ ಆದ್ವು. ಆ ಬೂದಿಯಿಂದಲೇ ಈ ಭೂಮಿ, ಈ ಗೇಟು, ನಿನ್ನ ಮಾತ್ರೆ, ನಿನ್ನ ರಕ್ತ."

"ಅಜ್ಜಿ ರಕ್ತ?"

"ಮತ್ತೆ? ನಿಮ್ಮಜ್ಜಿ ಏನು ಬೇರೆ ಕಡೆಯಿಂದ ತರಿಸ್ಕೊಂಡಿದ್ದಾರಾ?"

ಅವಳು ನಕ್ಕಳು, ಆದರೆ ಪೂರ್ತಿ ನಗಲಿಲ್ಲ. "ಅಜ್ಜಿಗೆ ಇದು ಗೊತ್ತಿಲ್ವಲ್ಲ," ಎನ್ನುತ್ತ ಗಾಜು ಹಿಡಿದು ಒಳಗೆ ಓಡಿದಳು.

ಅತ್ತೆ ಗೊಣಗುತ್ತಲೇ ಬಂದರು. ಗಾಜು ಹಿಡಿದು ತಲೆ ಎತ್ತಿದರು, ಅಷ್ಟೇ. ಕಣ್ಣಿಗೆ ಕತ್ತಲು ಕವಿದು ನನ್ನ ಮೇಲೇ ವಾಲಿದರು. ಸ್ಟೂಲಿನ ಮೇಲೆ ಕೂರಿಸಿ, ಡಾಕ್ಟರು ನೋಡಿದ ಹಾಗೆಯೇ ರೆಪ್ಪೆ ಎಳೆದು ನೋಡಿದೆ. ಒಳಗೆ ಸುಣ್ಣದ ಹಾಗೆ ಬಿಳಿಚಿತ್ತು. ಸಂಜೆಯೇ ಡಾಕ್ಟರ ಹತ್ತಿರ ಕರೆದೊಯ್ದೆ. ಅದೇ ಪರೀಕ್ಷೆ, ಅದೇ ಕೊರತೆ, ಅದೇ ಕೆಂಪು ಮಾತ್ರೆ.

ಮನೆಗೆ ಬರುವವರೆಗೂ ನನ್ನ ನಾಲಿಗೆ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ಪಕ್ಕದ ಮನೆಯಾಕೆ ವಿಚಾರಿಸಲು ಬಂದರು. ಅತ್ತೆ ಮೊಮ್ಮಗಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವಳ ಬಾಯಿಗೊಂದು ಮಾತ್ರೆ ಹಾಕಿ, ತಾವೊಂದು ನುಂಗಿ, ಒಂದೇ ಲೋಟದಲ್ಲಿ ಇಬ್ಬರೂ ನೀರು ಕುಡಿದ ಮೇಲೆ ಗತ್ತಿನಿಂದ ಹೇಳಿದರು:

"ಏನ್ಮಾಡೋದಮ್ಮ, ನಮ್ಮ ವಂಶಕ್ಕೇ ಕಬ್ಬಿಣ ಕಡಿಮೆ."