ಟವೆಲ್ ಕಟ್ಟಿದ ಮೃದಂಗ

ಸತ್ಯವತಿ ಮೃದಂಗದ ಎರಡೂ ಮುಖಕ್ಕೆ ಟವೆಲ್ ಕಟ್ಟಿಯೇ ಅಭ್ಯಾಸಕ್ಕೆ ಕೂರುತ್ತಿದ್ದಳು. ರಾಜಾಜಿನಗರದ ಆ ಸಾಲಿನಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ. ಆಚೆ ಮನೆಯ ಮರಿಯಪ್ಪ ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವವನು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಸತ್ಯವತಿಗೆ ಬಿಡುವಿದ್ದದ್ದೂ ಬೆಳಿಗ್ಗೆಯೇ. ಮರಿಯಪ್ಪ ಯಾವತ್ತೂ ತಕರಾರು ಮಾಡಿರಲಿಲ್ಲ. ಅವನು ಮಾಡುವ ಮೊದಲೇ ಟವೆಲ್ ಕಟ್ಟುವುದು ಮರ್ಯಾದೆ ಎಂದು ಅವಳೂ ಅವಳ ತಾಯಿಯೂ ತೀರ್ಮಾನಿಸಿದ್ದರು.

ಬಡಾವಣೆಯ ರಾಮನವಮಿ ಚಪ್ಪರದಲ್ಲಿ ಪ್ರತಿ ವರ್ಷ ಹೆಂಗಸರ ಭಜನಾ ಮಂಡಳಿ ಹಾಡುತ್ತಿತ್ತು, ಮೃದಂಗ ಸತ್ಯವತಿಯದು. ಮಂಡಳಿ ನಡೆಸುತ್ತಿದ್ದ ಅನಂತಲಕ್ಷ್ಮಿ ಕೊನೆಗೆ ಒಂದು ತಿಲ್ಲಾನ ಹಾಡುವುದು ವಾಡಿಕೆ. ಒಂದೇ ಸಾಲನ್ನು ಮೊದಲು ನಿಧಾನವಾಗಿ, ಎರಡನೇ ಕಾಲದಲ್ಲಿ ದುಪ್ಪಟ್ಟು ವೇಗದಲ್ಲಿ, ಮೂರನೇ ಕಾಲದಲ್ಲಿ ಅದಕ್ಕೂ ದುಪ್ಪಟ್ಟು ವೇಗದಲ್ಲಿ ಹಾಡುತ್ತಿದ್ದಳು. ಹೋದ ವರ್ಷ ಮೂರನೇ ಕಾಲಕ್ಕೆ ಬರುವಷ್ಟರಲ್ಲಿ ಸತ್ಯವತಿಯ ಕೈ ಹಿಂದೆ ಬಿದ್ದಿತ್ತು.

"ಆಗದಿದ್ರೆ ಈಗಲೇ ಹೇಳ್ಬಿಡು ಸತ್ಯ," ಎಂದು ಅನಂತಲಕ್ಷ್ಮಿ ಈ ವರ್ಷ ಮುಂಚೆಯೇ ಹೇಳಿದ್ದಳು. "ಮಲ್ಲೇಶ್ವರದಿಂದ ಯಾರನ್ನಾದ್ರೂ ಕರೆಸ್ತೀನಿ. ನೀನು ತಂಬೂರಿ ಹಿಡ್ಕೊಂಡು ಕೂತ್ಕೋ."

ಹೆಂಗಸು ಮೃದಂಗ ಹಿಡಿದರೆ ಕೂರಿಸಿಕೊಳ್ಳುವವರು ಆಗ ಕಡಿಮೆ. ಸತ್ಯವತಿ ನಾಲ್ಕು ಜನರೆದುರು ನುಡಿಸುತ್ತಿದ್ದ ಜಾಗ ಅದೊಂದೇ. ತಂಬೂರಿ ಹಿಡಿದರೆ ಅದೂ ಹೋದಂತೆ.

ಅವಳಿಗೆ ಪಾಠ ಹೇಳುತ್ತಿದ್ದವರು ಸೋದರಮಾವ ವೆಂಕಟಗಿರಿ. ಹರಿಕಥೆಗಳಿಗೆ ಮೃದಂಗ ನುಡಿಸಿ ಪಳಗಿದವರು. ಭಾನುವಾರ ಚಾಮರಾಜಪೇಟೆಯಿಂದ ಬಂದ ಅವರ ಮುಂದೆ ಅವಳು ಟವೆಲ್ ಮೇಲೆಯೇ ಮೂರನೇ ಕಾಲ ನುಡಿಸಿ ತೋರಿಸಿದಳು. ಎಲ್ಲೂ ತಡವರಿಸಲಿಲ್ಲ. ಅವರು ಟವೆಲ್ ಬಿಚ್ಚಿದರು.

"ಈಗ ನುಡಿಸು."

ನುಡಿಸಿದಳು. ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಹೆಂಚಿನ ಮೇಲೆ ಆಲಿಕಲ್ಲು ಸುರಿದ ಹಾಗಿದೆಯಲ್ಲೇ."

"ವೇಗ ಬಂದಿದೆ ಅಲ್ವಾ ಮಾವ?"

"ಬಂದಿದೆ. ಆದ್ರೆ ಒಂದು ಅಕ್ಷರನೂ ಬಿಡಿಯಾಗಿ ಕೇಳ್ತಿಲ್ಲ. ಟವೆಲ್ ಮೇಲೆ ಸದ್ದು ಕೇಳಲ್ಲ, ಅದಕ್ಕೆ ನೀನು ಕೈ ಎತ್ತಿ ಎತ್ತಿ ಬಡೀತಿದೀಯ. ಬೆರಳು ಮೇಲೆ ಹೋದಷ್ಟೂ ಕೆಳಗೆ ಬರೋಕೆ ಹೊತ್ತು ಬೇಕು. ಆ ಹೊತ್ತು ಮೂರನೇ ಕಾಲದಲ್ಲಿ ಎಲ್ಲಿದೆ? ಟವೆಲ್ ಬಿಟ್ಟು ಒಂದನೇ ಕಾಲಕ್ಕೆ ವಾಪಸ್ ಹೋಗು."

"ಪಕ್ಕದ ಮನೇಲಿ ಮಲಗಿರ್ತಾರೆ."

"ಅವರನ್ನ ಕೇಳಿದೀಯಾ?"

ಕೇಳಿರಲಿಲ್ಲ. ಆ ಸಂಜೆಯೇ ಹೋದಳು. ಮರಿಯಪ್ಪ ಬಾಗಿಲ ಮುಂದೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಹೆಂಡತಿ ಬೋರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಬೆಳಿಗ್ಗೆ ಮೃದಂಗದ ಅಭ್ಯಾಸಕ್ಕೆ ಕೂರುತ್ತೇನೆ, ಇನ್ನು ಮೇಲೆ ಸದ್ದು ಹೆಚ್ಚಾಗಬಹುದು ಎಂದು ಸತ್ಯವತಿ ಸಂಕೋಚದಿಂದ ಹೇಳಿದಳು.

ಮರಿಯಪ್ಪ ಎಣ್ಣೆ ಬಿಡುವುದನ್ನು ನಿಲ್ಲಿಸಿದ.

"ಅದು ಮೃದಂಗನಾ?"

"ನಾವು ಮೆಣಸಿನಪುಡಿ ಕುಟ್ತೀರಾ ಅಂದ್ಕೊಂಡಿದ್ವಿ ಟೀಚರಮ್ಮ," ಎಂದಳು ಬೋರಮ್ಮ. "ಇಬ್ಬರಿರೋ ಮನೆಗೆ ದಿನಾ ಅಷ್ಟೊಂದು ಖಾರ ಯಾಕೆ ಅಂತ ಇವರು ಕೇಳ್ತಾನೇ ಇದ್ರು."

"ದಬ್ ದಬ್ ಅಂತ ಗೋಡೆಯಿಂದ ಮಂಚಕ್ಕೇ ಬರ್ತಿತ್ತು," ಎಂದ ಮರಿಯಪ್ಪ. "ಕುಟ್ಟೋರನ್ನ ನಿಲ್ಸಿ ಅನ್ನೋಕಾಗುತ್ತಾ? ಹೊಟ್ಟೆ ವಿಚಾರ."

"ನಿಮಗೆ ತೊಂದರೆ ಆಗ್ಬಾರ್ದು ಅಂತಲೇ ಟವೆಲ್ ಕಟ್ಟಿದ್ದೆ."

"ಬಿಚ್ಚಿಬಿಡಿ ತಾಯಿ. ರಾತ್ರಿಯೆಲ್ಲಾ ಮಗ್ಗದ ಮುಂದೆ ನಿಲ್ಲೋನು ನಾನು, ಸದ್ದಿಗೆ ಹೆದರ್ತೀನಾ? ಭಜನೆ ಮೃದಂಗ ಆದ್ರೆ ಕೇಳ್ತಾನೇ ಮಲಗ್ತೀನಿ. ಆ ಕುಟ್ಟೋದೊಂದು ಬೇಡ."

"ಖಾರ ಬೇಕಾದ್ರೆ ನಮ್ಮನ್ನೇ ಕೇಳಿ," ಎಂದಳು ಬೋರಮ್ಮ. ಮೂವರೂ ನಕ್ಕರು.

ಮಾರನೆಯ ಬೆಳಿಗ್ಗೆ ಸತ್ಯವತಿ ಟವೆಲ್ ಕಟ್ಟದೆ ಮೃದಂಗಕ್ಕೆ ಕೂತಳು. ಒಂದನೇ ಕಾಲದಲ್ಲಿ 'ನಂ' ಎಂಬ ಹೊಡೆತವೊಂದನ್ನೇ ನುಡಿಸಿದಳು. ಅದು ಸ್ಪಷ್ಟವಾಗಿ ಮೊಳಗಿದರೆ ಮುಂದಿನದು, ಇಲ್ಲದಿದ್ದರೆ ಮತ್ತೆ ಅದೇ. ಕೈ ತಾನಾಗಿ ಮೇಲೇಳುವುದು ಬೇಗ ಬಿಡಲಿಲ್ಲ. ತಾಯಿಯನ್ನು ಕರೆದು, ಶಾಲೆಯಿಂದ ತಂದಿದ್ದ ಒಂದು ಸ್ಲೇಟನ್ನು ತನ್ನ ಬಲಗೈಗಿಂತ ತುಸು ಮೇಲೆ ಅಡ್ಡ ಹಿಡಿಯಲು ಹೇಳಿದಳು. ಬೆರಳಿನ ಗೆಣ್ಣು ತಗುಲಿದಾಗಲೆಲ್ಲ ಸ್ಲೇಟು ಟಕ್ಕೆನ್ನುತ್ತಿತ್ತು. ಮೊದಲ ದಿನ ಮೃದಂಗಕ್ಕಿಂತ ಸ್ಲೇಟೇ ಹೆಚ್ಚು ನುಡಿಯಿತು.

"ನನಗೂ ಒಂದು ಸಂಭಾವನೆ ಕೊಡಿಸೇ," ಎಂದರು ತಾಯಿ.

ಸ್ಲೇಟು ಸುಮ್ಮನಾಗುತ್ತ ಬಂದಂತೆ ಸತ್ಯವತಿ ಎರಡನೇ ಕಾಲ ಮುಟ್ಟಿದಳು. ಕೈ ಕಡಿಮೆ ದಣಿಯುತ್ತಿತ್ತು. ವೇಗಕ್ಕೆಂದು ಬೇರೆ ಪ್ರಯತ್ನ ಮಾಡಬೇಕಾಗಲಿಲ್ಲ. ಬೆರಳು ಚರ್ಮದ ಹತ್ತಿರವೇ ಇದ್ದುದರಿಂದ ಮೂರನೇ ಕಾಲಕ್ಕೆ ಹೋಗಲು ದಾರಿ ಚಿಕ್ಕದಾಗಿತ್ತು. ಕೆಲವು ವಾರ ಕಳೆದು ಒಂದು ಭಾನುವಾರ ವೆಂಕಟಗಿರಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಈಗ ಅಕ್ಷರ ಓದೋಕಾಗುತ್ತೆ," ಎಂದು ಕಾಫಿ ಲೋಟಕ್ಕೆ ಕೈ ಚಾಚಿದರು.

ರಾಮನವಮಿಯ ಸಂಜೆ ಚಪ್ಪರ ತುಂಬಿತ್ತು. ಜನ ಕಂಡ ಹುರುಪಿಗೆ ಅನಂತಲಕ್ಷ್ಮಿ ತಿಲ್ಲಾನವನ್ನು ಎತ್ತಿಕೊಂಡದ್ದೇ ಚುರುಕಾಗಿ. ಒಂದನೇ ಕಾಲ ಇಷ್ಟು ಚುರುಕಾದರೆ ಮೂರನೆಯದು ಅಭ್ಯಾಸ ಮಾಡಿದ್ದಕ್ಕಿಂತ ಬಹಳ ಮುಂದೆ ಹೋಗುತ್ತದೆ. ಸತ್ಯವತಿಗೆ ಅದು ತಾಳದ ಎರಡು ಆವರ್ತದೊಳಗೇ ಗೊತ್ತಾಯಿತು. ಅವಸರದಲ್ಲಿ ಬಡಿಯಲು ಕೈ ಏಳುತ್ತಿತ್ತು. ಅದನ್ನು ತಡೆದು ಹೊಡೆತದ ಜೋರು ತಗ್ಗಿಸಿದಳು.

ಎರಡನೇ ಕಾಲ ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ಬೆರಳುಗಳು ಚರ್ಮ ಬಿಟ್ಟು ಎದ್ದದ್ದೇ ಕಾಣಲಿಲ್ಲ, ಆದರೆ ಪ್ರತಿ 'ನಂ' ಬಿಡಿಬಿಡಿಯಾಗಿ ಕೇಳಿತು. ತಪ್ಪಿದವಳು ಅನಂತಲಕ್ಷ್ಮಿ. ನಾಲಿಗೆ ತೊಡರಿ ಅರ್ಧ ಸಾಲು ನುಂಗಿದಳು. ಸತ್ಯವತಿ ಕಾಲ ಬಿಡದೆ ಮುಂದಿನ ಆವರ್ತದ ಮೊದಲ ಹೊಡೆತವನ್ನು ಗಟ್ಟಿಯಾಗಿ ಕೊಟ್ಟಳು. ಅನಂತಲಕ್ಷ್ಮಿ ಅಲ್ಲಿಗೇ ಬಂದು ಸೇರಿ ಹಾಡು ಮುಗಿಸಿದಳು.

ಪಾನಕ ಹಂಚುವಾಗ ಆಕೆ ಪಕ್ಕಕ್ಕೆ ಬಂದು ಕೂತಳು.

"ತುಂಬಾ ಚುರುಕಾಗಿ ಎತ್ಕೊಂಡ್ಬಿಟ್ಟೆ ಅಲ್ವೇನೇ?"

"ಸ್ವಲ್ಪ."

"ಸ್ವಲ್ಪನಾ? ನನ್ನ ನಾಲಿಗೆನ ಕೇಳು." ಅನಂತಲಕ್ಷ್ಮಿ ಪಾನಕ ಕುಡಿದಳು. "ಗೋಕುಲಾಷ್ಟಮಿಗೆ ಹೊಸದೊಂದು ತೆಗೀಬೇಕು ಅಂತಿದೀನಿ. ಈ ಸಲ ಹಾಡಿನ ಕಾಲ ಗೊತ್ತುಮಾಡೋಳು ನೀನು. ಗುರುವಾರ ಮನೆಗೆ ಬಾ."

ದಪ್ಪ ನಾದಕ್ಕೆಂದು ಮೃದಂಗದ ಎಡಮುಖಕ್ಕೆ ಕಲಸಿ ಮೆತ್ತಿದ್ದ ರವೆ ಒಣಗತೊಡಗಿತ್ತು. ಅದನ್ನು ಒದ್ದೆ ಬೆರಳಿನಿಂದ ಬಿಡಿಸುತ್ತ ಸತ್ಯವತಿ, "ಶಾಲೆ ಮುಗಿಸ್ಕೊಂಡು ಬರ್ತೀನಿ," ಎಂದಳು.