ಕಲಬುರಗಿ ಬಿಸಿಲಿಗೆ ಹೊಂದಿದ ಸೌರಕೋಶ

ನಾನು ಒಂದು ಸೌರಕೋಶ. ಬೆಳಕು ಕುಡಿದು ವಿದ್ಯುತ್ ಕೊಡುವುದು ನಮ್ಮ ಕುಲಕಸುಬು. ಆದರೆ ನಾನು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಕಲಬುರಗಿಯ ಕಾಲೇಜೊಂದರ ಕಂಪ್ಯೂಟರಿನೊಳಗೆ. ಹೆತ್ತವಳು ಭಾಗೀರಥಿ, ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಎರಡು ಪದರಗಳ ನಡುವೆ ಪೆರೊವ್‌ಸ್ಕೈಟ್ ಎಂಬ ಹರಳಿನ ಕಪ್ಪು ಪದರ ಇಟ್ಟಳು. ಬೆಳಕು ಹೆಚ್ಚು ಹಿಡಿಯಲಿ ಎಂದು ಅದನ್ನು ದಪ್ಪಗೆ ಬೆಳೆಸಿದಳು. ಎಲ್ಲವೂ ತೆರೆಯ ಮೇಲಿನ ಲೆಕ್ಕ.

ನೂರು ಪಾಲು ಬೆಳಕಿಗೆ ಇಪ್ಪತ್ತೊಂಬತ್ತು ಪಾಲು ವಿದ್ಯುತ್ ಕೊಟ್ಟೆ! ಅವಳ ಮಾರ್ಗದರ್ಶಕ ಪಟವಾರಿ ಸರ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಹೊಗಳಿಕೆ ಯಾರಿಗೆ ಬೇಡ?

ದೂರದ ಊರಿನ ಪ್ರಯೋಗಾಲಯವೊಂದು ಅವಳ ಒಂದೇ ಒಂದು ವಿನ್ಯಾಸವನ್ನು ಗಾಜಿನ ಮೇಲೆ ಮಾಡಿಕೊಡಲು ಒಪ್ಪಿತ್ತು. ಅದು ಸೋತರೆ ಇಷ್ಟು ವರ್ಷದ ದುಡಿಮೆ ಬರೀ ಕಂಪ್ಯೂಟರ್ ಆಟ ಎನಿಸಿಕೊಳ್ಳುತ್ತಿತ್ತು. ವಿಭಾಗದಲ್ಲಿ ಹಾಗೆ ಅನ್ನುವವರು ಆಗಲೇ ಇದ್ದರು.

ನನ್ನನ್ನು ಕಳಿಸಬೇಕಿದ್ದ ದಿನ ಮಧ್ಯಾಹ್ನ ಫ್ಯಾನು ಕೆಟ್ಟು ನಿಂತಿತು. ಮೇ ತಿಂಗಳು. ಭಾಗೀರಥಿಯ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಒರೆಸುತ್ತ ತೆರೆ ನೋಡಿದವಳಿಗೆ ಉಷ್ಣಾಂಶದ ಜಾಗದಲ್ಲಿ ತಂತ್ರಾಂಶ ತಾನೇ ತುಂಬಿಕೊಂಡಿದ್ದ ಅಂಕಿ ಕಂಡಿತು. ನಗು ಬಂತು.

“ಸರ್, ಇಪ್ಪತ್ತೇಳು ಡಿಗ್ರಿ ಅಂತ ಅದರಿ. ನಮ್ಮೂರಾಗ ಇಂಥ ಮಧ್ಯಾಹ್ನ ಎಲ್ಲದರಿ?”

ಇನ್ನಷ್ಟು ಕೆದಕಿದರೆ ಹರಳಿನ ಕುಂದುಗಳ ಜಾಗದಲ್ಲಿ ಸೊನ್ನೆ ಕುಳಿತಿತ್ತು. ಕುಂದಿಲ್ಲದ ಹರಳು ಯಾವ ಲೋಕದಲ್ಲಿದೆ? ದೂರದ ಬೆಟ್ಟ ನುಣ್ಣಗೆ! ಅವಳು ನಿಜವಾದ ಕುಂದುಗಳನ್ನೂ ಬಿಸಿಲಿಗೆ ಕಾದ ಮಾಳಿಗೆಯ ಬಿಸಿಯನ್ನೂ ತುಂಬಿದಳು. ನಾನು ಹದಿಮೂರಕ್ಕೆ ಕುಸಿದೆ. ನಾಚಿಕೆಯಾಯಿತು, ಅವಳ ಮೇಲೆ ಸಿಟ್ಟೂ ಬಂತು.

“ಇಷ್ಟು ಛಂದ ಇದ್ದಿದ್ದು ಯಾಕ ಕೆಡಸ್ಲತ್ತಿ, ಭಾಗೀರಥಿ?” ಎಂದರು ಸರ್.

“ನಮ್ಮ ಬಿಸಲಿಗೇ ತಡೀಲಿಲ್ಲಂದ್ರ ಇದು ಯಾತಕ್ಕ ಬೇಕ್ರಿ? ಸ್ವಲ್ಪ ದಿನ ಕೊಡ್ರಿ ಸರ್, ನಾ ಸುಧಾರಸ್ತೀನಿ.”

ಸರ್ ಪ್ರಯೋಗಾಲಯದವರಿಗೆ ಫೋನು ಮಾಡಿ ಸಮಯ ಕೇಳಿದರು.

ಅವಳು ನನ್ನ ರೋಗ ಹಿಡಿದಳು. ರೋಗವೆಂದರೆ ದಪ್ಪ ಮೈ. ಕುಂದುಗಳ ನಡುವೆ ಅಷ್ಟು ದೂರ ನಡೆಯಲಾರದೆ ವಿದ್ಯುತ್ತು ದಾರಿಯಲ್ಲೇ ಸೋರಿಹೋಗುತ್ತಿತ್ತು. ನನ್ನನ್ನು ಸ್ವಲ್ಪ ಸ್ವಲ್ಪವೇ ತೆಳ್ಳಗಾಗಿಸಿದಳು, ಮೇಲಿನ ಪದರವನ್ನು ಬದಲಿಸಿದಳು. ಬಿಸಿಯಲ್ಲೂ ಹದಿನೆಂಟು ಬಂದಾಗ ತಿದ್ದುವುದನ್ನು ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಿದಳು. ಆಗ ನನ್ನ ಸಿಟ್ಟು ಇಳಿದಿತ್ತು.

ಮುಂದಿನ ಬೇಸಿಗೆಗೆ ನಾನು ಉಗುರಿನಷ್ಟಗಲದ ಗಾಜಿನ ಮೈ ಹೊತ್ತು ಮರಳಿದೆ. ಕಾಲೇಜಿನ ಮಾಳಿಗೆಯ ಮೇಲೆ ಇಟ್ಟರು. ಆಟ ಎಂದವರೂ ತಲೆಗೆ ಟವೆಲ್ ಹಾಕಿಕೊಂಡು ಬಂದು ನಿಂತರು. ಭಾಗೀರಥಿ ಮೀಟರಿನ ತಂತಿಯನ್ನು ಮೂರು ಸಲ ಪರೀಕ್ಷಿಸಿದಳು. ನನಗೆ ಮಾತ್ರ ಭಯವಿರಲಿಲ್ಲ. ಈ ಬಿಸಿಲನ್ನು ನಾನು ಗಾಜಿನ ಮೈ ಪಡೆಯುವ ಮೊದಲೇ ಲೆಕ್ಕದಲ್ಲಿ ಉಂಡಿದ್ದೆ. ಮೀಟರು ಹದಿನೇಳು ತೋರಿಸಿತು. ತಂತಿ ಜೋಡಿಸಿದ ಕೂಡಲೇ ಆಟಿಕೆಯ ಪುಟ್ಟ ಫ್ಯಾನು ಗಿರ್ರನೆ ತಿರುಗಿತು.

“ಲೆಕ್ಕ ಹದಿನೆಂಟಂದಿತ್ತು, ಅದರ ಬಾಜೂಕೇ ಬಂತಲ್ಲವಾ!” ಎಂದು ಸರ್ ಚಪ್ಪಾಳೆ ತಟ್ಟಿದರು. ಭಾಗೀರಥಿ ಬಗ್ಗಿ ಆ ಫ್ಯಾನಿಗೆ ಮುಖವೊಡ್ಡಿದಳು.

ಈಗ ತೇವ ಹೊಕ್ಕು ನನ್ನ ಕಪ್ಪು ಮೈ ಹಳದಿಯಾಗಿದೆ. ಪ್ರಯೋಗಾಲಯದ ಕಪಾಟಿನಲ್ಲಿದ್ದೇನೆ. ನನ್ನ ಲೆಕ್ಕದಿಂದ ಹುಟ್ಟಿದ ಮರಿಗಳು ನನ್ನನ್ನು ಮೀರಿಸಿವೆ, ಮೀರಿಸಲೇಬೇಕು. ಇಪ್ಪತ್ತೊಂಬತ್ತಿದ್ದಾಗ ನನ್ನನ್ನು ಎಲ್ಲರೂ ಹೊಗಳಿದರು. ಹದಿನೇಳಿದ್ದಾಗ ಅವಳ ಮುಖದ ಬೆವರು ಆರಿಸಿದೆ.